ಎಸೆಯದೆಯೇ ಬಿದ್ದ ಎರಡು ವರ್ಷ

ತಪ್ಪೊಪ್ಪಿಗೆ ಮೊದಲೇ ಆಗಿಬಿಡಲಿ. ಎರಡು ವರ್ಷ, ಶನಿವಾರಕ್ಕೊಮ್ಮೆ, ಸಟನ್ ಊರಿನ ಒಂದು ಚರ್ಚ್ ಹಾಲಿನಲ್ಲಿ ನಾನು ನೀಲಿ ಮ್ಯಾಟಿನ ಮೇಲೆ ಬೀಳುತ್ತಿದ್ದೆ. ನೋಡಿದವರು ನನ್ನನ್ನು ಯಾರೋ ಎತ್ತಿ ಎಸೆದರು ಅಂದುಕೊಳ್ಳುತ್ತಿದ್ದರು. ಯಾರೂ ಎಸೆಯುತ್ತಿರಲಿಲ್ಲ, ನಾನೇ ಬೀಳುತ್ತಿದ್ದೆ. ಐವತ್ತು ದಾಟಿದ ಒಬ್ಬ ಇಂಗ್ಲಿಷಿನವರು ನನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಮುಟ್ಟಿದರೆ ಸಾಕು, ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಬೆನ್ನು ಹಚ್ಚಿ, ಅಂಗೈಯಿಂದ ಮ್ಯಾಟಿಗೆ ಪಟಾರನೆ ಬಡಿದು, "ಹ್ಹಾ" ಎಂದು ನರಳುತ್ತಿದ್ದೆ. ಆ ನರಳಿಕೆಯೂ ನನ್ನದಲ್ಲ. ನಮ್ಮ ಅಪ್ಪ ಸೋಫಾದಿಂದ ಏಳುವಾಗ ಹೊರಡಿಸುವ ಸದ್ದನ್ನು ಕದ್ದಿದ್ದೆ.

ಕದಿಯುವುದು ನನ್ನ ಹುಟ್ಟುಗುಣ. ಒಮ್ಮೆ ಕೇಳಿದ ಧ್ವನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ರೈಲು ತಡವಾದದ್ದಕ್ಕೆ ಒಂದಿಷ್ಟೂ ವಿಷಾದವಿಲ್ಲದೆ ವಿಷಾದ ಸೂಚಿಸುವ ಸ್ಟೇಷನ್ನಿನ ಹೆಂಗಸು, ನಾವು ಸಾಯುತ್ತಿದ್ದರೂ ಮುಂದಿನ ತಿಂಗಳ ಹದಿನಾರಕ್ಕೇ ಬರಬೇಕೆನ್ನುವ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವವಳು, ವೆಂಬ್ಲಿಯ ಕನ್ನಡ ಕೂಟದಲ್ಲಿ ಮೈಕನ್ನು ಮೂರು ಸಲ ಕುಟ್ಟಿ "ಎಲ್ಲರಿಗೂ ಕೇಳ್ತಾ ಇದೆಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಕವನ ಶುರುಮಾಡುವ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ನನ್ನನ್ನೂ ಬಿಟ್ಟಿಲ್ಲ. ಕನ್ನಡಕದ ಅಂಗಡಿಯಲ್ಲಿ ನಾನು ಗಿರಾಕಿಗಳಿಗೆ "ಈ ಫ್ರೇಮು ನಿಮ್ಮ ಮುಖಕ್ಕಾಗಿಯೇ ಹುಟ್ಟಿದ್ದು" ಎನ್ನುವ ಜೇನು ಸುರಿಯುವ ಧ್ವನಿಯನ್ನು ಮನೆಯಲ್ಲಿ ಅಣಕಿಸಿದರೆ ಮಾತ್ರ ಯಾರೂ ನಗುವುದಿಲ್ಲ. ಅದು ಅಣಕವೋ ಅಸಲೋ ಅವರಿಗೆ ಗೊತ್ತಾಗುವುದಿಲ್ಲವಂತೆ.

ಹಾಲಿನಲ್ಲಿ ಕಲಿಸುತ್ತಿದ್ದದ್ದು ಚೀನೀ ಕುಸ್ತಿ. ಗಿಡ್ಡ ತೋಳಿನ ದಪ್ಪ ಬಟ್ಟೆಯ ಅಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ, ಎದುರಾಳಿಯ ತೋಳನ್ನೋ ಕೊರಳ ಪಟ್ಟಿಯನ್ನೋ ಹಿಡಿದು, ಕಾಲಿಗೆ ಕಾಲು ತೊಡರಿಸಿ ಕೆಡಹುವ ವಿದ್ಯೆ. ಪಾದ ಬಿಟ್ಟು ಮೈಯ ಬೇರೆ ಯಾವುದೇ ಭಾಗ ಮೊದಲು ನೆಲ ಮುಟ್ಟಿದವನು ಸೋತ. ಬಿದ್ದ ಮೇಲೆ ಹೊರಳಾಟವಿಲ್ಲ. ಅದರ ಜೊತೆಗೆ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಹಿಡಿದು ಕೀಲು ತಿರುಚುವ ಪಟ್ಟುಗಳ ಇನ್ನೊಂದು ಶಾಖೆ. ವಿದ್ಯೆಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ನಿಜವಾಗಿ ಬಲ್ಲವರ ಕೈಗೆ ನಾನು ಸಿಕ್ಕರೆ ಇದನ್ನು ಬರೆಯಲು ನನಗೆ ಕೈ ಉಳಿಯುವುದಿಲ್ಲ. ತಕರಾರೇನಿದ್ದರೂ ಆ ಎರಡು ಬೆರಳಿನ ಇಂಗ್ಲಿಷಿನವರ, ಅಂದರೆ ನಮ್ಮ ಶೀಫು ಅವರ ಮೇಲೆ. ಶೀಫು ಎಂದರೆ ಗುರು. ಹಾಗೆ ಕರೆಯಬೇಕೆಂದು ನಮಗೆ ಹೇಳಿಕೊಟ್ಟವರೂ ಅವರೇ.

ವಾರವಿಡೀ ಅವರು ಜನರ ಮನೆಗಳಿಗೆ ಅಡುಗೆಮನೆಯ ಕಪಾಟು ಮಾರುತ್ತಿದ್ದರು. ಆಗ ಅವರ ಇಂಗ್ಲಿಷಿಗೆ ಕೈಕಾಲೆಲ್ಲ ಸರಿಯಾಗಿಯೇ ಇದ್ದವು. ಶನಿವಾರ ಆ ದಪ್ಪ ಅಂಗಿ ಮೈಗೆ ಬಿದ್ದದ್ದೇ ತಡ, ಅವರ ಭಾಷೆಯಿಂದ ಕ್ರಿಯಾಪದಗಳು ಹೊರಟುಹೋಗುತ್ತಿದ್ದವು. "ನೀನು, ನೀರು. ನಾನು, ದಂಡೆ," ಎನ್ನುತ್ತಿದ್ದರು. ಕಣ್ಣು ಅರ್ಧ ಮುಚ್ಚಿ, "ಬಲ, ಇಲ್ಲ. ದಾರಿ, ಮಾತ್ರ." ಒಮ್ಮೆ ಎರಡು ವಾರ ಚೀನಾಕ್ಕೆ ಪ್ರವಾಸ ಹೋಗಿ ಬಂದಿದ್ದರಂತೆ; ಕ್ರಿಯಾಪದಗಳನ್ನು ಅಲ್ಲೇ ಬಿಟ್ಟು ಬಂದಿರಬೇಕು. ಕ್ಲಾಸು ಮುಗಿದು ಕಾರ್ ಪಾರ್ಕಿಗೆ ಹೋಗುವಷ್ಟರಲ್ಲಿ ಎಲ್ಲವೂ ವಾಪಸು. ಗ್ರಾನೈಟು ಹೊತ್ತು ತರುವವನಿಗೆ ಫೋನಿನಲ್ಲಿ ಅವರು ಬೈಯುವುದನ್ನು ಕೇಳಬೇಕಿತ್ತು. ಅದರಲ್ಲಿ ಕ್ರಿಯಾಪದ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನನ್ನ ಮೊದಲ ವಾರ ಅವರು ನನ್ನ ತೋಳು ಹಿಡಿದು, ಹಿಮ್ಮಡಿಗೆ ಕಾಲು ಕೊಟ್ಟು, ಮೂರು ಸಲ ಜಗ್ಗಿದರು. ನಾನು ನಿಂತೇ ಇದ್ದೆ. ಹೇಳಿಕೊಳ್ಳುವಂಥ ಮೈಕಟ್ಟೇನೂ ಅಲ್ಲ ನನ್ನದು. ರೈಲಿನಲ್ಲಿ ಬೆನ್ನಿಗೆ ಚೀಲ ಹಾಕಿದವರು ಯಾರಾದರೂ ತಿರುಗಿದರೆ ವಾಲುತ್ತೇನೆ. ಅಂಥ ನನ್ನನ್ನು ಕದಲಿಸಲಾಗದೆ ಅವರ ಕಿವಿ ಕೆಂಪಾಯಿತು. ಸುತ್ತ ನಿಂತವರು ಮ್ಯಾಟಿನ ಹೊಲಿಗೆ ನೋಡತೊಡಗಿದರು. ನನಗೆ ಮುಲಾಜು ಹುಟ್ಟಿತು. ನಾಲ್ಕನೆಯ ಸಲ ಮುಲಾಜಿಗೇ ಬಿದ್ದೆ. ಬೀಳುವುದೆಂದ ಮೇಲೆ ಚೆನ್ನಾಗಿಯೇ ಬೀಳೋಣವೆಂದು ಸ್ವಲ್ಪ ಹಾರಿಯೂ ಬಿದ್ದೆ. ಹಾಲಿಗೆ ಹಾಲೇ ಉಸಿರೆಳೆದುಕೊಂಡಿತು. "ನೋಡಿದಿರಾ? ಅವನ ಬಲ, ಅವನಿಗೇ," ಎಂದರು ಶೀಫು. ಮುಂದಿನ ವಾರದಿಂದ ಪ್ರತಿ ಪಟ್ಟು ತೋರಿಸಲೂ ನಾನೇ ಮುಂದೆ ಬರಬೇಕಾಯಿತು.

ಇಂಥ ರೋಗ ಬೇಗ ಹರಡುತ್ತದೆ. ನನಗೆ ಸಿಕ್ಕ ಮರ್ಯಾದೆ ನೋಡಿ ಉಳಿದವರೂ ಬೀಳಲು ಕಲಿತರು. ಅವರಲ್ಲೊಬ್ಬ ಬೋಳುತಲೆಯ ಲೆಕ್ಕಪರಿಶೋಧಕ, ಶೀಫು ಕೈ ಎತ್ತುವ ಮೊದಲೇ ಬಿದ್ದುಬಿಡುತ್ತಿದ್ದ. ಅವನಿಗಿಂತ ನಾನು ಎಷ್ಟೋ ವಾಸಿ, ಮುಟ್ಟುವವರೆಗಾದರೂ ಕಾಯುತ್ತಿದ್ದೆ. ಹೀಗೆ ಶನಿವಾರಕ್ಕೊಮ್ಮೆ ಒಬ್ಬ ಕಪಾಟಿನ ವ್ಯಾಪಾರಿ ಅಷ್ಟೂ ಜನರನ್ನು ಬೆವರದೆ ಕೆಡಹಿ ಮನೆಗೆ ಹೋಗುತ್ತಿದ್ದರು.

ಇಲ್ಲಿಯವರೆಗೆ ಎಲ್ಲ ನಗೆಪಾಟಲೇ. ಕೆಟ್ಟದ್ದು ಅಕ್ಕನ ವಿಷಯದಲ್ಲಿ.

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ವಯಸ್ಸಾದವರ ವಾರ್ಡು. ಯಾರಿಗೂ ಸಿಗದ ರಕ್ತನಾಳ ಅವಳ ಬೆರಳಿಗೆ ಸಿಗುತ್ತಿತ್ತು. ಅಕ್ಕಪಕ್ಕದ ವಾರ್ಡಿನವರೂ ಅವಳನ್ನು ಕರೆಯುತ್ತಿದ್ದರು. ಒಂದು ಚಳಿಗಾಲದ ಮಧ್ಯಾಹ್ನ ರೋಗಿಯೊಬ್ಬರ ಮಗ ಡಾಕ್ಟರು ಯಾಕೆ ಇನ್ನೂ ಬಂದಿಲ್ಲವೆಂದು ಕೂಗಾಡಿ ಅವಳ ಮುಂಗೈ ಹಿಡಿದುಕೊಂಡ. ಹೊಡೆಯಲಿಲ್ಲ. ಡಾಕ್ಟರು ಬರುವವರೆಗೆ ಬಿಡುವುದಿಲ್ಲವೆಂದು ಹಿಡಿದುಕೊಂಡೇ ನಿಂತ. ಕೊನೆಗೆ ಇಬ್ಬರು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮುಂಗೈಯ ಕಂದು ಗುರುತು ವಾರದಲ್ಲಿ ಹೋಯಿತು. ಆದರೆ ಅಕ್ಕ ವಾರ್ಡು ಬಿಟ್ಟು ಹೊರರೋಗಿಗಳ ಕೌಂಟರಿಗೆ ಬದಲಿ ಕೇಳಿಕೊಂಡಳು. ಅಲ್ಲಿ ಅವಳ ಕೆಲಸ, ಬಂದವರಿಗೆ ಕುರ್ಚಿ ತೋರಿಸುವುದು. ರೈಲಿನಲ್ಲಿ ಜನ ಹೆಚ್ಚಾದರೆ ಎರಡೂ ಕೈ ಕೋಟಿನ ತೋಳಿನೊಳಗೆ ಎಳೆದುಕೊಳ್ಳುತ್ತಿದ್ದಳು. ಆಸ್ಪತ್ರೆಯವರು ಇದಕ್ಕೆಂದೇ ತರಬೇತಿ ಕೊಡುತ್ತಾರೆ, ಆದರೆ ಅವಳ ಸರದಿ ಬರುವುದು ಬೇಸಿಗೆಗೆ. ಅಷ್ಟರಲ್ಲಿ ವಾರ್ಡಿನ ಮೇಲ್ವಿಚಾರಕಿ ಫೋನು ಮಾಡಿ, ನಿನ್ನ ಜಾಗ ಇನ್ನೂ ಇದೆ, ಬರುವುದಾದರೆ ಮುಂದಿನ ಸೋಮವಾರದ ಪಾಳಿಗೆ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಅಕ್ಕ ಯೋಚಿಸಿ ಹೇಳುತ್ತೇನೆಂದು ಫೋನಿಟ್ಟಳು. ಆ ಸಂಜೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಲೇ, ನಿನ್ನ ಆ ಚೀನೀ ಕುಸ್ತ್ಯಾಗ ಕೈ ಬಿಡಿಸ್ಕೊಳ್ಳೂದು ಕಲಸ್ತಾರೇನು?"

"ಕಲಸೂದ ಅದನ್ನ ಅಕ್ಕಾ. ಎರಡು ಸೆಕೆಂಡ್ ಸಾಕು, ಹಿಡದಾಂವ ಮ್ಯಾಟಿನ ಮ್ಯಾಲ."

"ಖರೇನೋ? ಇಲ್ಲಾ ಇದೂ ನಿನ್ನ ನಕಲಿ ಆಟನೋ?"

"ನನ್ನ ಮ್ಯಾಲೇ ಮಾಡ್ತಾರ. ವಾರಾವಾರಾ ಬೀಳ್ತೀನಿ."

ನೋಡಿ, ಇದರಲ್ಲಿ ಕೊನೆಯ ಮಾತು ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಅವತ್ತು ನಾನು ನೆಮ್ಮದಿಯಾಗಿದ್ದೆ.

ಮುಂದಿನ ಕೋಣೆಯಲ್ಲಿ ಸೋಫಾ ಸರಿಸಿ ಪಾಠ ಶುರುಮಾಡಿದೆವು. ನಾನು ಅವಳ ಮುಂಗೈ ಹಿಡಿದೆ. ನನ್ನ ಹೆಬ್ಬೆರಳಿರುವ ಕಡೆಗೆ ಕೈ ತಿರುಗಿಸಿ ಒಂದು ಹೆಜ್ಜೆ ಒಳಗೆ ಬಾ ಎಂದೆ. ಅವಳು ಬಂದಳೋ ಇಲ್ಲವೋ, ನಾನು ಸೋಫಾದ ತೋಳು ದಾಟಿ ಟೀಪಾಯಿಯ ಆಚೆ ಬಿದ್ದಿದ್ದೆ.

ಅಡುಗೆಮನೆಯಿಂದ ಅವ್ವ ಕೂಗಿದಳು: "ಏನ್ ಬಿತ್ತೋ?"

"ನಾನಬೇ."

"ನೀ ಆದ್ರ ಇರ್ಲಿ ಬಿಡು. ಕಪ್ಪು-ಬಶಿ ಬಿದ್ದೂವೇನೋ ಅಂದ್ಕೊಂಡೆ."

ಅಕ್ಕ ನಕ್ಕಳು. ವಾರಗಳ ನಂತರದ ನಗು. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಮತ್ತೊಮ್ಮೆ," ಎಂದಳು. ಆರು ಸಲ ಬಿದ್ದೆ. ಏಳನೆಯದಕ್ಕೆ "ಸ್ವಲ್ಪ ಜೋರ್ಲೆ ಹಿಡಿಯೋ" ಎಂದಳು. ನಾನು ಅಷ್ಟೇ ಹಿಡಿದು, ಹಲ್ಲು ಮಾತ್ರ ಜಾಸ್ತಿ ಕಚ್ಚಿದೆ. ಬಿದ್ದ ಮೇಲೆ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. "ಏನ್ ಕೈ ಅಕ್ಕಾ ನಿಂದು, ಕಬ್ಬಿಣ!" ಎಂಬ ಮಾತು ಹೊರಗೆ ಬಂತು. ಅದೂ ನನ್ನ ಅಂಗಡಿಯ ಧ್ವನಿಯಲ್ಲಿ.

ಆ ಶನಿವಾರ ಕ್ಲಾಸಿನಲ್ಲಿ ಮನೆಮಂದಿಯನ್ನು ಕರೆತರುವ ದಿನ. ಸೋಮವಾರಕ್ಕೆ ಇನ್ನೆರಡೇ ದಿನ ಉಳಿದಿತ್ತು. ಗುರುವಿನ ಕೈಯಲ್ಲೇ ಒಮ್ಮೆ ಸರಿಯಾಗಿ ನೋಡಿಬಿಡುತ್ತೇನೆ ಎಂದು ಅಕ್ಕನೂ ಹೊರಟಳು. ನಾನು ಬೇಡವೆನ್ನಲಿಲ್ಲ. ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಮ್ಮ ನಂತರದ ಹೊತ್ತಿಗೆ ಹಾಲ್ ಬಾಡಿಗೆಗೆ ಪಡೆದಿದ್ದ ಬ್ಯಾಡ್ಮಿಂಟನ್ನಿನವರು ರ್‍ಯಾಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಶೀಫು ಕಣ್ಣು ಅರ್ಧ ಮುಚ್ಚಿದರು. "ಹಿಡಿಯುವವನು, ಬಂದಿ. ಹಿಡಿಸಿಕೊಂಡವನು, ಮುಕ್ತ," ಎಂದರು. ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ, ಜೀವಮಾನದಲ್ಲೇ ಬಿದ್ದಿರದಷ್ಟು ಚೆನ್ನಾಗಿ ಬಿದ್ದೆ. ಚಪ್ಪಾಳೆ ಬಿತ್ತು. ಅಕ್ಕ ತಟ್ಟಲಿಲ್ಲ. ವರ್ಷಗಟ್ಟಲೆ ವಾರ್ಡಿನಲ್ಲಿ ಜನರ ಕೈ ಹಿಡಿದು ಬದುಕಿದವಳು. ಎಲ್ಲರೂ ನನ್ನ ಹಾರಾಟ ನೋಡುವಾಗ ಅವಳು ನನ್ನ ಬೆರಳುಗಳನ್ನು ನೋಡಿದ್ದಳು. ಅವು ಮೊದಲೇ ಸಡಿಲಾಗಿದ್ದವು.

"ನಾನು ಹಿಡಿಯಬಹುದೇ?" ಎಂದು ಇಂಗ್ಲಿಷಿನಲ್ಲಿ ಕೇಳಿ ಎದ್ದಳು.

ಶೀಫು ಮುಗುಳ್ನಕ್ಕು ಕೈ ಚಾಚಿದರು. ಅಕ್ಕ ಬೂಟು ಬಿಚ್ಚಿಟ್ಟು ಮ್ಯಾಟಿಗೆ ಬಂದು, ಒಂದು ಕೈಯಿಂದ ಅವರ ಮುಂಗೈ ಹಿಡಿದು, ಅದರ ಮೇಲೆ ಇನ್ನೊಂದು ಕೈ ಹಾಕಿ, ಎರಡನ್ನೂ ಹೊಟ್ಟೆಗೆ ಎಳೆದುಕೊಂಡು ನಿಂತಳು. ಶೀಫು ಕೈ ತಿರುಗಿಸಿದರು. ಅದು ತಿರುಗಲಿಲ್ಲ. ಒಂದು ಹೆಜ್ಜೆ ಒಳಗೆ ಬಂದರು. ಅವಳೂ ಅಷ್ಟೇ ಹಿಂದೆ ಸರಿದಳು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಮುಚ್ಚಳ ಬಿಗಿದ ಉಪ್ಪಿನಕಾಯಿ ಬಾಟಲಿಯೊಂದಿಗೆ ಹೆಣಗುವವರ ಮುಖ ಅವರದಾಯಿತು. ಬ್ಯಾಡ್ಮಿಂಟನ್ನಿನವರಲ್ಲಿ ಯಾರೋ ಕೆಮ್ಮಿದರು.

"ಹೀಗೆ ಯಾರೂ ಹಿಡಿಯುವುದಿಲ್ಲ. ನೀವು ತಪ್ಪಾಗಿ ಹಿಡಿದುಕೊಂಡಿದ್ದೀರಿ," ಎಂದರು ಶೀಫು. ಕ್ರಿಯಾಪದಗಳು ವಾಪಸು ಬಂದಿದ್ದವು.

"ನನ್ನನ್ನು ಹೀಗೇ ಹಿಡಿದಿದ್ದ," ಎಂದಳು ಅಕ್ಕ.

"ನಾನು ಪೂರ್ತಿ ಬಲ ಹಾಕಿದರೆ ನಿಮ್ಮ ಮೂಳೆ ಮುರಿಯುತ್ತದೆ. ಅದಕ್ಕೇ ಹಾಕುತ್ತಿಲ್ಲ."

"ನಾನು ಕೆಲಸ ಮಾಡುವ ಕಡೆ ಮೂಳೆ ಕೂಡಿಸುವವರಿದ್ದಾರೆ. ಹಾಕಿ."

ಅವರು ಹಾಕಲಿಲ್ಲ. ಅವಳೇ ಕೈ ಬಿಟ್ಟಳು, "ಥ್ಯಾಂಕ್ಯೂ" ಎಂದಳು. ಅವರ ಮುಂಗೈ ಮೇಲೆ ನಾಲ್ಕು ಬೆರಳು ಬಿಳಿಯಾಗಿ ಮೂಡಿ, ಆಮೇಲೆ ಕೆಂಪಾದವು. ಅದನ್ನು ತೋಳಿನಿಂದ ಮುಚ್ಚಿಕೊಳ್ಳಲು ನೋಡಿದರು. ಚೀನೀ ಕುಸ್ತಿಯ ಅಂಗಿಗೆ ತೋಳು ಗಿಡ್ಡ.

"ನಿಮ್ಮ ತಮ್ಮನನ್ನೇ ಕೇಳಿ," ಎಂದರು ಕೊನೆಗೆ. "ಎರಡು ವರ್ಷದಿಂದ ನನ್ನ ಬಳಿ ಇದ್ದಾನೆ. ಇದು ನಡೆಯುತ್ತದೋ ಇಲ್ಲವೋ ಅವನೇ ತೋರಿಸಲಿ."

ನಾನು ಮ್ಯಾಟಿನ ಮಧ್ಯಕ್ಕೆ ನಡೆದೆ. ಈ ಸಲ ಕಂಬದ ಹಾಗೆ ನಿಲ್ಲುವುದೆಂದು ನಿಶ್ಚಯಿಸಿದ್ದೆ. ಎರಡು ವರ್ಷದ ಸುಳ್ಳನ್ನು ಎಲ್ಲರ ಎದುರು ಒಂದೇ ಏಟಿಗೆ ತೀರಿಸಿಬಿಡುತ್ತೇನೆ, ಅಕ್ಕನ ಮುಖ ನೋಡಿ ಕ್ಷಮೆ ಕೇಳುತ್ತೇನೆ. ಅದಕ್ಕೆ ಬೇಕಾದ ಗಂಭೀರ ಧ್ವನಿಯನ್ನೂ ಒಳಗೊಳಗೇ ಹೊಂದಿಸಿಕೊಂಡಿದ್ದೆ. ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದೆ. ಅವರು ಇನ್ನೊಂದು ಕೈಯ ಎರಡು ಬೆರಳನ್ನು ನನ್ನ ಮಣಿಕಟ್ಟಿಗೆ ತಾಗಿಸಿದರು.

ಚರ್ಚ್ ಹಾಲಿನ ಟ್ಯೂಬ್‌ಲೈಟುಗಳು ಕಣ್ಣ ಮುಂದೆ ಒಂದು ಸುತ್ತು ಸುತ್ತಿದವು. ನಾನು ಬೀಳಬೇಕೆಂದು ಬೀಳಲಿಲ್ಲ. ಮೈ ತಾನಾಗಿಯೇ ಬಿತ್ತು. ಬೆನ್ನು ತಾನೇ ದುಂಡಗಾಯಿತು, ಅಂಗೈ ತಾನೇ ಪಟಾರನೆ ಬಡಿಯಿತು, ಅಪ್ಪನ ನರಳಿಕೆಯೂ ತಾನೇ ಹೊರಟಿತು. ಲೆಕ್ಕಪರಿಶೋಧಕ ಚಪ್ಪಾಳೆ ಶುರುಮಾಡಿ, ಯಾರೂ ಜೊತೆಗೂಡದ್ದು ನೋಡಿ ನಿಲ್ಲಿಸಿದ. ಶೀಫು ಕಣ್ಣು ಮತ್ತೆ ಅರ್ಧ ಮುಚ್ಚಿದರು.

ಅಕ್ಕ ನನ್ನ ತಲೆಯ ಹತ್ತಿರ ಬಂದು ನಿಂತಳು. ಅವರ ಕಡೆ ನೋಡಲೂ ಇಲ್ಲ. ಬಗ್ಗಿ, ಹಾಲಿನಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಏಳಲೇ, ಸಾಕು. ಸೋಮವಾರ ನಾ ವಾರ್ಡಿಗೆ ಹೋಗಾಕಿ. ಅಲ್ಲೆ ಯಾರೂ ನನ್ನ ಮುಲಾಜಿಗೆ ಬೀಳೂದಿಲ್ಲ. ಮನೀಗೆ ನಡಿ, ನನ್ನ ಮುಂಗೈ ಖರೇ ಖರೇ ಹಿಡಿ, ನಾ ಬಿಡಿಸ್ಕೊಳ್ಳೂತನಕ ಬಿಡಬ್ಯಾಡ."