ಬಸ್ಸು ತಿರುಗುವಷ್ಟು ಜಾಗ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ರವಿವಾರ ಹನುಮಪ್ಪನ ಗುಡಿಕಟ್ಟೆಯ ಮೇಲೆ ಎಷ್ಟು ಹೆಂಗಸರು ಕೂಡಿದ್ದರು, ನನ್ನ ಭಾವ ಅಲ್ಲೇ ನಿಂತಿದ್ದರೋ ಅಥವಾ ಅಕ್ಕನ ಮಾತು ಆಮೇಲೆ ಅವರ ಕಿವಿಗೆ ಬಿತ್ತೋ, ನನಗೆ ಖಚಿತವಿಲ್ಲ. ಡೈರಿ ತೆಗೆದು ನೋಡಿದೆ. ‘ಅರ್ಜಿ ಆಯಿತು. ಬಿಸಿಲು ಜಾಸ್ತಿ’ ಎಂದಷ್ಟೇ ಬರೆದುಕೊಂಡಿದ್ದೇನೆ. ಉಳಿದದ್ದನ್ನು ಗೆಳತಿಯರಿಗೆ ಹೇಳಿ ಹೇಳಿ ಚಂದ ಮಾಡಿಕೊಂಡಿರುವ ಸಾಧ್ಯತೆ ಇದೆ.

ನಾನು ಆಗಲೂ ಚಿತ್ತಾಪುರದಲ್ಲಿ ಕೆಲಸಕ್ಕಿದ್ದೆ. ರಜೆ ಬಂದರೆ ಅಕ್ಕನ ಊರಿಗೆ ಹೋಗುತ್ತಿದ್ದೆ. ಮಳಖೇಡದಿಂದ ಸ್ವಲ್ಪ ಆಚೆ, ಸೇಡಂ ರಸ್ತೆಯಲ್ಲಿ ಇಳಿದು, ತೊಗರಿ ಹೊಲಗಳ ನಡುವೆ ಅರ್ಧ ತಾಸು ನಡೆದರೆ ಅವಳ ಊರು. ಬೇಸಿಗೆಯಲ್ಲಿ ಆ ದಾರಿ ಬರೀ ಬಯಲು. ಚಳಿಗಾಲಕ್ಕೆ ಎರಡೂ ಕಡೆ ತೊಗರಿ ಆಳೆತ್ತರ ಬೆಳೆದು, ಮುಂದೆ ಯಾರು ಬರುತ್ತಿದ್ದಾರೆಂಬುದೂ ಕಾಣುವುದಿಲ್ಲ. ಊರಿನ ಶಾಲೆ ಹತ್ತನೆಯ ತರಗತಿಗೆ ಮುಗಿಯುತ್ತದೆ. ಹೆಣ್ಣುಮಕ್ಕಳ ಓದೂ ಅಲ್ಲಿಗೇ ಮುಗಿಯುತ್ತಿತ್ತು.

ಆ ವರ್ಷ ಅಕ್ಕನ ಮಗಳು ಹತ್ತನೆಯದನ್ನು ಒಳ್ಳೆಯ ಅಂಕಗಳಿಂದ ಪಾಸಾಗಿದ್ದಳು. ಸೇಡಂನ ಕಾಲೇಜಿಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ಭಾವ ಬೈಯಲಿಲ್ಲ, ಬೇಡ ಅನ್ನಲೂ ಇಲ್ಲ. “ಬಸ್ಸು ಊರಾಗ ಬರಲಿ, ಕಳಸ್ತೀನಿ. ಇಲ್ಲಂದ್ರ ಇಲ್ಲ” ಅಂದರು. ಊರೊಳಗೆ ಬಸ್ಸು ಎಂದೂ ಬಂದಿರಲಿಲ್ಲ. ಕಾಲೇಜು ಸೇರಲು ಉಳಿದಿದ್ದದ್ದು ಕೆಲವೇ ವಾರ.

ಅರ್ಜಿ ಕೊಡೋಣ ಎಂದವಳು ಅಕ್ಕನ ಪಕ್ಕದ ಮನೆಯ ಮುದುಕಿ. ಊರೆಲ್ಲ ಅವಳನ್ನು ಆಯಿ ಎನ್ನುತ್ತದೆ. “ಹೆಣ್ಮಕ್ಕಳಿಗಿ ಬಸ್ಸು ಪುಗಸಟ್ಟಿ ಆಗ್ಯಾದಂತ ಊರೆಲ್ಲ ಹೇಳ್ತಾರ. ನಮ್ಮೂರಿಗಿ ಬಸ್ಸೇ ಇಲ್ಲ, ಪುಗಸಟ್ಟಿ ಯಾವದರಾಗ ಕುಂದ್ರಲಿ?” ಎಂದಳು. ಬರೆಯುವ ಕೆಲಸ ನನಗೆ ಬಂತು. ಓದಿದವಳೆಂಬ ಹುರುಪಿನಲ್ಲಿ ಅಳತೆಪಟ್ಟಿ ಇಟ್ಟು ಗೆರೆ ಎಳೆದು ಅಂಕಣ ಮಾಡಿದೆ: ಹೆಸರು, ಗಂಡನ ಹೆಸರು, ಸಹಿ. ನಡುವಿನ ಅಂಕಣ ಬೇಕೆಂದು ಯಾರೂ ಕೇಳಿರಲಿಲ್ಲ. ಯಾಕೆ ಹಾಕಿದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಹೆಣ್ಣಿನ ಸ್ವಂತ ಗುರುತಿನ ಬಗ್ಗೆ ಪುಟಗಟ್ಟಲೆ ಬರೆದಿದ್ದವಳು ನಾನೇ.

ಗುಡಿಕಟ್ಟೆಯ ಮೇಲೆ ಮೊದಲನೆಯವಳಿಗೇ ಕೆಲಸ ನಿಂತಿತು. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಲ್ಲಿನ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಸೀಮಂತಗಳಲ್ಲಿ ಒತ್ತಾಯ ಮಾಡಿದಾಗ ಪ್ರಾಸದ ಎರಡು ಸಾಲು ಕಟ್ಟಿ ಅದರ ಕೊನೆಗೆ ಹೆಸರು ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ.

“ಪಕ್ಕದಾಕಿ ಹೇಳಿದ್ರೂ ನಡೀತದ” ಎಂದೆ.

“ಯಾಕ, ನನಗ ಬಾಯಿಲ್ಲೇನು?” ಎಂದು ಆಯಿ ಮುಂದೆ ಬಂದು ಕುಂತಳು.

“ತೊಗರಿ ಕಟಗಿ ಹಚ್ಚಿ ರೊಟ್ಟಿ ಸುಟ್ಟೀನಿ ಹತ್ತ,
ಬಸ್ಸಿನ ಕಾಗದದಾಗ ಬರಕೋ ನಮ್ಮ ರಾಯರ ಹೆಸರ ಇವತ್ತ”

ಎಂದು ಸತ್ತು ಎಷ್ಟೋ ವರ್ಷವಾದ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಆಮೇಲೆ ತಡೆಯಲಿಕ್ಕಾಗಲಿಲ್ಲ. ಒಬ್ಬೊಬ್ಬಳೂ ಒಂದೊಂದು ಒಡಪು. ನಗು ಕೇಳಿ ಸಹಿ ಮಾಡುವ ಯೋಚನೆ ಇರದ ಓಣಿಯ ಹೆಂಗಸರೂ ಬಂದರು. ತಮ್ಮ ಹೆಂಡತಿ ಏನು ಹೇಳುತ್ತಾಳೋ ಎಂದು ಗಂಡಸರು ಬೇವಿನ ಮರದ ಕೆಳಗೆ ನಿಂತರು. ಅಕ್ಕನ ಸರದಿ ಬಂದಾಗ ಅವಳು ನಗಲಿಲ್ಲ.

“ಕಾಗಿಣಾ ಹೊಳಿ ನೀರ ಬ್ಯಾಸಗ್ಯಾಗ ತಿಳಿ,
ಮಗಳಿಗಿ ಕಲಿ ಅಂದಾರ, ಅವರ ಹೆಸರ ಕೇಳಿ”

ಎಂದು ಭಾವನ ಹೆಸರು ಹೇಳಿದಳು. ಅವರು ಹಾಗೆ ಅಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ.

ಸೇಡಂನ ಬಸ್ ಡಿಪೋದ ಅಧಿಕಾರಿ ಅರ್ಜಿಯನ್ನು ಪೂರ್ತಿ ಓದಿ, ನಾಲ್ಕೈದು ದಿನಗಳಲ್ಲಿ ತಾವೇ ಊರಿಗೆ ಬಂದು ನೋಡಿದರು. “ಬಸ್ಸು ಬಿಡ್ತೀವ್ರಿ. ಬಂದದ್ದು ತಿರುಗೋದು ಎಲ್ಲಿ?” ಅಂದರು. ಊರ ಬಾಗಿಲಲ್ಲಿ ಒಂದು ಬಯಲಿತ್ತು. ಆ ಬಯಲಲ್ಲಿ ಮೂರು ತಿಪ್ಪೆಗಳಿದ್ದವು. ಎರಡು ಸಣ್ಣವು. ಎಲ್ಲಕ್ಕಿಂತ ದೊಡ್ಡದು, ಸರಿಯಾಗಿ ನಡುವೆ ಇದ್ದದ್ದು, ಭಾವನದು.

ಬರೀ ಕಸ ಎತ್ತುವ ಮಾತಾಗಿದ್ದರೆ ಒಂದು ದಿನದ ಕೆಲಸ. ಆದರೆ ತಿಪ್ಪೆಯೆಂದರೆ ಅಲ್ಲಿ ಲಕ್ಷ್ಮಿ. ದೀಪಾವಳಿಗೆ ಅದರ ಮೇಲೆ ದೀಪ ಇಡುತ್ತಾರೆ. ಎಷ್ಟು ಗಾಡಿ ಗೊಬ್ಬರ ಹೊಲಕ್ಕೆ ಹೋದರೂ ತಳದಲ್ಲಿ ಒಂದಿಷ್ಟು ಉಳಿಸಿ ಅದರ ಮೇಲೇ ಮತ್ತೆ ಹಾಕುತ್ತಾರೆ. ಜಾಗ ಬದಲಾಯಿಸಿದರೆ ಮನೆಯ ಏಳಿಗೆಯೂ ಎದ್ದು ಹೋಗುತ್ತದೆ ಎಂಬ ನಂಬಿಕೆ. ಸಣ್ಣ ತಿಪ್ಪೆಗಳ ಎರಡು ಮನೆಯವರು ಹೆಂಡತಿಯರ ಕಾಟಕ್ಕೆ ಒಪ್ಪಿದರು. ಅಜ್ಜನ ಕಾಲದ ತಿಪ್ಪೆಯೆಂದು ಭಾವ ಒಪ್ಪಲಿಲ್ಲ. “ನಮ್ಮ ಮುತ್ಯಾ ಹಾಕಿದ ಜಾಗ ಅದ” ಅಂದರು. ಕಾಲೇಜು ಸೇರುವ ದಿನಗಳು ಕಳೆಯುತ್ತಿದ್ದವು. ಅಕ್ಕನ ಮಗಳು ತಂದೆಯೊಡನೆ ಮಾತು ಬಿಟ್ಟಳು.

ಒಂದು ಬೆಳಿಗ್ಗೆ ಆಯಿ ಹತ್ತಾರು ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರ ಕೈಯಲ್ಲೂ ಬುಟ್ಟಿ. ಭಾವ ಹಲ್ಲುಜ್ಜುತ್ತಾ ಬಯಲಿಗೆ ಬಂದರು.

“ಯಾಕವಾ, ನನ್ನ ತಿಪ್ಪಿ ಲೂಟಿಗಿ ಬಂದೀರೇನು?”

“ಲೂಟಿ ಅಲ್ಲಪ್ಪಾ, ನಿನ್ನ ಮಾತು ಉಳಸಲಿಕತ್ತೀವಿ,” ಎಂದಳು ಆಯಿ. “ನಿನ್ನ ಹೆಸರು ಸೇಡಂ ಆಫೀಸದಾಗ ಹೋಗ್ಯಾದ.”

“ನಾ ಎಲ್ಲಿ ಸಹಿ ಮಾಡೀನಿ?”

“ನೀ ಮಾಡಬ್ಯಾಡ. ಮಗಳಿಗಿ ಕಲಿ ಅಂದಾನಂತ ನಿನ್ನ ಹೇಣ್ತಿ ಊರ ಮುಂದ ಹೇಳ್ಯಾಳ. ಈಗ ಇಲ್ಲ ಅಂತ ನೀನೂ ಊರ ಮುಂದ ಹೇಳು. ನಾವು ಬುಟ್ಟಿ ತಗೊಂಡು ಮನಿಗಿ ಹೋಗ್ತೀವಿ.”

ಭಾವ ಬಾಯಿ ಮುಕ್ಕಳಿಸಿದರು. ಅಷ್ಟರಲ್ಲಿ ಅಕ್ಕ ಬಯಲಿನ ಅಂಚಿನಲ್ಲಿ, ತಮ್ಮ ಹೊಲದ ಬೇಲಿಗೆ ಹತ್ತಿದಂತೆ, ಒಂದು ಚೌಕ ನೆಲ ಸಾರಿಸಿ, ಕುಂಕುಮ ಏರಿಸಿ ದೀಪ ಹಚ್ಚಿದ್ದಳು. ಹಳೆಯ ತಿಪ್ಪೆಯ ತಳದಿಂದ ಮೊದಲ ಬುಟ್ಟಿ ತುಂಬಿ ಅಲ್ಲಿಗೆ ಹೊತ್ತು ಹಾಕಿದಳು. ಲಕ್ಷ್ಮಿಯನ್ನು ಬಿಟ್ಟು ಬರಲಿಲ್ಲ, ಕರೆದುಕೊಂಡು ಹೋದಳು. ಹಾಗೆ ಮಾಡಲು ಯಾರು ಹೇಳಿಕೊಟ್ಟರೋ ತಿಳಿಯದು. ಹಿಂದೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಎರಡನೆಯ ಬುಟ್ಟಿಗೆ ಭಾವ ಸಲಿಕೆ ಹಿಡಿದರು. ನಾನೂ ಹೊತ್ತೆ. ನಾಲ್ಕು ಬುಟ್ಟಿಗೇ ಕುತ್ತಿಗೆ ಹಿಡಿದದ್ದರಿಂದ ಆ ಭಾಗದ ನೆನಪು ಸುಳ್ಳಲ್ಲವೆಂದು ನಂಬುತ್ತೇನೆ.

ಕಾಲೇಜು ಶುರುವಾದ ಮೇಲೆ, ಒಂದು ವಾರ ತಡವಾಗಿ, ಬಸ್ಸು ಬಂತು. ಅಕ್ಕನ ಮಗಳ ಜೊತೆ ಇನ್ನೂ ಮೂವರು ಹುಡುಗಿಯರು ಹತ್ತಿದರು. ಅವರಲ್ಲಿ ಒಬ್ಬಳು ಓದು ಬಿಟ್ಟು ಎರಡು ವರ್ಷ ಮನೆಯಲ್ಲಿದ್ದವಳು. ಆಯಿ ಕೆಲಸವಿಲ್ಲದಿದ್ದರೂ ಸೇಡಂಗೆ ಹೋಗಿ, ಚಾ ಕುಡಿದು ತಿರುಗಿ ಬಂದಳು.

ಈಗ ಅಕ್ಕನ ಮಗಳು ಎರಡನೆಯ ವರ್ಷದಲ್ಲಿದ್ದಾಳೆ. ಸಂಜೆ ಬಸ್ಸು ಬರುವ ಹೊತ್ತಿಗೆ ಭಾವ ಬಯಲಿನಲ್ಲಿ ನಿಂತು, ಡ್ರೈವರ್ ಕೇಳದಿದ್ದರೂ, “ಬರ್ರಿ, ಬರ್ರಿ, ಇನ್ನಾ ಬರ್ರಿ” ಎಂದು ಕೈ ಬೀಸಿ ಬಸ್ಸು ತಿರುಗಿಸುತ್ತಾರೆ. ಹೋದ ತಿಂಗಳು ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಬಸ್ಸು ಇನ್ನೂ ದೂರದಲ್ಲಿ ಧೂಳೆಬ್ಬಿಸುತ್ತಿತ್ತು. ಕೇಳಬಾರದೆಂದು ಎಷ್ಟೋ ಸಲ ನುಂಗಿದ್ದನ್ನು ಅಂದು ಭಾವನನ್ನೇ ಕೇಳಿದೆ.

“ಮಾಮಾ, ಬಸ್ಸು ಬಂದ್ರ ಕಳಸ್ತೀನಿ ಅಂದಿದ್ರಲ್ಲ, ಬಸ್ಸು ಬರೂದೇ ಇಲ್ಲಂತ ತಿಳದು ಅಂದಿದ್ರೇನು?”