ಕಸ್ತೂರಿ ಅಕ್ಕೋರು ಆಡಿದ ಆಟ

ಕಸ್ತೂರಿ ಅಕ್ಕೋರು ಟೈಪ್ ಮಾಡುವಾಗ ಯಂತ್ರವನ್ನು ನೋಡುತ್ತಿರಲಿಲ್ಲ, ರಸ್ತೆಯನ್ನು ನೋಡುತ್ತಿದ್ದರು. ಬರೆದು ತಂದ ಅರ್ಜಿಯ ಮೇಲೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಟ್ಟರೆ ಮುಗಿಯಿತು. ಬೆರಳುಗಳು ತಮ್ಮ ಪಾಡಿಗೆ ಅರ್ಜಿ ಬಡಿಯುತ್ತಿದ್ದವು, ಬಾಯಿ ಜೇವರ್ಗಿಯ ಸುದ್ದಿ ಹೇಳುತ್ತಿತ್ತು.

"ನೋಡಬೇ ಸುಜಾತಾ, ಶಿವಪ್ಪ ಇವತ್ತ ತಲಿಗಿ ಹೊಸ ಪಟಗಾ ಸುತ್ಯಾನ. ಹೆಣ್ಣು ನೋಡಾಕ ಹೊಂಟಾನ, ಮಗಗೋ ತನಗೋ ಗೊತ್ತಿಲ್ಲ."

ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಕಾಗದ ಸರ್ರನೆ ಹೊರಗೆ ಬಂದಿರುತ್ತಿತ್ತು. ಅದರಲ್ಲಿ ಒಂದು ತಪ್ಪು ಹುಡುಕಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಸಿಕ್ಕಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅಕ್ಕೋರ ಟೈಪಿಂಗ್ ಕ್ಲಾಸಿತ್ತು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಆಳಂದದ ಕಡೆಯ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ತವರಿಗೆ ಬಂದು, ಟೈಪಿಂಗ್ ಕಲಿತು, ಆಮೇಲೆ ಕಲಿಸುತ್ತ ಊರಿಗೆಲ್ಲ ಅಕ್ಕೋರಾಗಿ ಬದುಕು ಕಟ್ಟಿಕೊಂಡವರು. ಆ ಕಾಲದ ಬಗ್ಗೆ ಯಾರಾದರೂ ಕೆದಕಿದರೆ, "ಅದು ಹಳೀ ಫೈಲು, ಬಿಡ್ರಿ" ಅನ್ನುತ್ತಿದ್ದರು. ಇನ್ನು ಮುಂದೆ ಮಂದಿ ಕಂಪ್ಯೂಟರ್ ಕೇಳಿಕೊಂಡು ಬರುತ್ತಾರೆಂದು ಊರಿಗಿಂತ ಮೊದಲು ಅವರಿಗೆ ಗೊತ್ತಾಯಿತು. ಒಂದು ಕಂಪ್ಯೂಟರ್ ತರಿಸಿ, ಅದಕ್ಕೆ ವಿಭೂತಿ ಹಚ್ಚಿ, ಕಲಬುರ್ಗಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ನನ್ನನ್ನು ಅದರ ಮುಂದೆ ಕೂಡಿಸಿದರು.

ಕಲಿಯಲು ಬರುವವರು ಮುಂಜಾನೆ ಮತ್ತು ಸಂಜೆ. ಮಧ್ಯಾಹ್ನವಿಡೀ ನಾನೊಬ್ಬಳೇ. ಆ ಹೊತ್ತಿನಲ್ಲಿ ನಾನು ಒಂದು ಕಂಪ್ಯೂಟರ್ ಆಟ ಬರೆಯಲು ಶುರುಮಾಡಿದೆ. ಕಲಬುರ್ಗಿಯ ಗೆಳತಿಯೊಬ್ಬಳ ಮನೆಯಲ್ಲಿ ಅಂಥ ಆಟ ಆಡಿದ್ದೆ. ಒಬ್ಬ ಸವಾರ, ಅವನ ಕೈಯಲ್ಲಿ ಕತ್ತಿ. ಊರೂರು ತಿರುಗುತ್ತಾನೆ, ಜನರನ್ನು ಮಾತನಾಡಿಸುತ್ತಾನೆ, ಎದುರು ಬಂದವರೊಡನೆ ಕಾದಾಡುತ್ತಾನೆ, ಕಾದಾಡಿದಂತೆಲ್ಲ ಬಲ ಬರುತ್ತದೆ, ಕೊನೆಗೆ ಕೋಟೆಯ ಸರದಾರನನ್ನು ಸೋಲಿಸುತ್ತಾನೆ. ಅಂಥ ಆಟಗಳನ್ನು ದೊಡ್ಡ ಕಂಪನಿಗಳು ಮಾಡುತ್ತವೆ ಅನ್ನುವುದು ನನಗೆ ಗೊತ್ತಿತ್ತು. ಒಬ್ಬಳೇ ಮಾಡಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಸಣ್ಣ ಸಣ್ಣ ಬಣ್ಣದ ಚೌಕ ಜೋಡಿಸಿ ಮನೆ, ಬಾವಿ, ಜೋಳದ ಹೊಲ, ತೋಳ ಎಲ್ಲವನ್ನೂ ಮಾಡಿದೆ. ಕನ್ನಡ ಅಕ್ಷರ ಮೂಡಿಸುವುದು ನನಗೆ ಬರುತ್ತಿರಲಿಲ್ಲ. ಹಾಗಾಗಿ ಆಟದ ಮಂದಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮಾತನಾಡುತ್ತಿದ್ದರು.

ಒಂದು ದಿನ ಅಕ್ಕೋರು ಊಟ ಮುಗಿಸಿ ಬೇಗ ಬಂದವರು ನನ್ನ ಹಿಂದೆ ನಿಂತರು. "ಏನ್ ಮಾಡಾಕತ್ತೀಬೇ ಇದು?"

"ಆಟ ರೀ ಅಕ್ಕೋರೆ."

ಬೈಯುತ್ತಾರೆಂದು ಕಾದೆ. ಅವರು ಸೆರಗು ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತರು. "ಸರಿ ಆಕಡಿ. ಎಲ್ಲೆಲ್ಲಿ ಒತ್ತಬೇಕು ಹೇಳು."

ಆ ಬೆರಳುಗಳ ಕೈಗೆ ಕತ್ತಿ ಸಿಕ್ಕಮೇಲೆ ಕೇಳಬೇಕೇ! ನಾನು ಬೆವರಿಳಿಸಿ ದಾಟುತ್ತಿದ್ದ ಕಳ್ಳರ ಗುಂಪನ್ನು ಅವರು ಪುಟ ತಿರುವಿದಂತೆ ಮಗುಚಿ ಮುಂದೆ ಹೋದರು. ನಾನು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಸವಾರ ಒಂದು ಮನೆ ಹೊಕ್ಕು ಮೂಲೆಯ ಗಡಿಗೆ ಒಡೆದ. ಅಕ್ಕೋರ ಕೈ ನಿಂತಿತು.

"ಇದ್ಯಾರ ಮನಿ?"

"ಯಾರದೋ ರೈತರದು ರೀ. ಗಡಿಗ್ಯಾಗ ಔಷಧಿ ಇರ್ತದ. ತಗೊಂಡ್ರ ಜೀವ ಹೆಚ್ಚಾಗ್ತದ."

"ಮಂದಿ ಮನಿ ಹೊಕ್ಕು ಗಡಿಗಿ ಒಡದು ಔಷಧಿ ಒಯ್ತಾನ. ಮನಿಯವ್ರು ಅಲ್ಲೇ ನಿಂತು ನೋಡಾಕತ್ತಾರ. ಹೊರಗ ಕಳ್ಳರನ್ನ ಬಡಿಯೋನು ಇವನ, ಒಳಗ ಕಳವು ಮಾಡೋನೂ ಇವನ. ನಾ ಒಪ್ಪಂಗಿಲ್ಲ."

ಎದ್ದು ಹೋಗಿಯೇಬಿಟ್ಟರು. ನನಗೆ ಸಿಟ್ಟು ಬಂತು. ಎಲ್ಲ ಆಟಗಳಲ್ಲೂ ಹೀಗೆಯೇ ಅಂತ ಮನಸ್ಸಿನಲ್ಲೇ ವಾದ ಮಾಡಿದೆ. ಮರುದಿನ ಮಧ್ಯಾಹ್ನ ಮಾತ್ರ ಸವಾರ ಬಾಗಿಲಲ್ಲಿ ನಿಂತು "ಅವ್ವಾ, ಔಷಧಿ ಅದ ಏನ್ರಿ?" ಅಂತ ಕೇಳುವ ಹಾಗೆ ಬದಲಿಸಿದೆ. ಅಕ್ಕೋರು ಬಂದು ಆಡಿದರು. ಔಷಧಿ ಕೇಳಿ ಪಡೆದು ಆಟದ ಮುಂದಿನ ಊರಿಗೆ ಹೋದರು. ಅದೇ ಅವರ ಒಪ್ಪಿಗೆ.

ಅಲ್ಲಿಂದ ಅದು ದಿನದ ರೂಢಿಯಾಯಿತು. ಊಟವಾದ ಮೇಲೆ ಒಂದು ತಾಸು ಅಕ್ಕೋರು ಆಡುವುದು, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು. ಅವರ ತಕರಾರುಗಳಿಗೆ ಕೊನೆಯೇ ಇರಲಿಲ್ಲ. ಬಾವಿಯ ಹತ್ತಿರ ನಿಂತ ಹೆಣ್ಣುಮಗಳು ಯಾವಾಗ ಮಾತನಾಡಿಸಿದರೂ "ಬಡಗಣ ದಿಕ್ಕಿಗೆ ಕೋಟೆ ಇದೆ" ಅನ್ನುತ್ತಿದ್ದಳು.

"ನಿನ್ನೆನೂ ಇದನ್ನ ಹೇಳಿದ್ಲು, ಇವತ್ತೂ ಇದನ್ನ ಹೇಳಾಕತ್ತಾಳ. ಕೊಡ ತುಂಬಿ ಹರದು ಹೋಗಾಕತ್ತದ. ಆಕಿ ಮನ್ಯಾಗ ಕೇಳೋರಿಲ್ಲೇನು? ಮತ್ತ ಯಾ ಊರಾಗಬೇ 'ಬಡಗಣ ದಿಕ್ಕು' ಅಂತಾರ? ಹುಣಸಿಗಿಡದ ಆಕಡಿ ಅಂತ ಹೇಳ್ಸು."

ಕಳೆದುಹೋದ ಎಮ್ಮೆ ಹುಡುಕಿ ತಂದರೆ ಮುದುಕನೊಬ್ಬ ಬಂಗಾರದ ಹಿಡಿಕೆಯ ಕತ್ತಿ ಕೊಡುತ್ತಿದ್ದ. ಅದೂ ಪಾಸಾಗಲಿಲ್ಲ. "ಅಂಥಾ ಕತ್ತಿ ಇಟ್ಕೊಂಡವ ಎಮ್ಮಿ ಕಾಯಾಕ ಯಾಕ ಹೋಗ್ತಾನ? ಒಂದು ಚರಿಗಿ ಮಜ್ಜಿಗಿ ಕೊಡ್ಸು, ನಂಬ್ತೇನಿ."

ಹೀಗೆ ಮಜ್ಜಿಗೆ ಬಂತು. ಅದರ ಹಿಂದೆಯೇ ರೊಟ್ಟಿ ಬಂತು. ಮುಂಜಾನೆಯಿಂದ ತಿರುಗುವ ಸವಾರನಿಗೆ ಹಸಿವಾಗುವುದಿಲ್ಲವೆನ್ನುವುದು ಅಕ್ಕೋರಿಗೆ ಸಹಿಸಲಾಗದ ಸಂಗತಿಯಾಗಿತ್ತು.

ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಸೂಲ್ ಸಾಬರು ಅಕ್ಕೋರ ಹಳೆಯ ವಿದ್ಯಾರ್ಥಿ. ಕಾಗದ ಪತ್ರ ಹಿಡಿದು ಬಂದವರು ಒಮ್ಮೆ ಈ ದೃಶ್ಯ ನೋಡಿ, "ಅರೇ ವ್ಹಾ, ಭಾರಿ ಅದ ರೀ ಅಕ್ಕೋರೆ ಆಟ!" ಅಂದರು.

ಅಕ್ಕೋರು ಆಟ ನಿಲ್ಲಿಸಿ ಅವರ ಕಡೆ ತಿರುಗಿದರು. "ಎಲ್ಲಿ ಭಾರಿ ಅದ, ತೋರಿಸು."

ರಸೂಲ್ ಸಾಬರು ತಡವರಿಸಿದರು. "ಅಂದ್ರ... ಎಲ್ಲಾ ಭಾರಿ ಅದ ರೀ."

"ಪಾಪ ಈ ಹುಡುಗಿ ದಿನಾ ಕೂತು ಮಾಡ್ಯಾಳ. ನೀ ಒಂದು ಸಾರಿ ನೋಡಿ 'ಎಲ್ಲಾ ಭಾರಿ' ಅಂದ್ರ ಆಕಿ ಅದನ್ನ ತಗೊಂಡು ಏನ್ ಮಾಡ್ಬೇಕು? ಆ ತೋಳ ನೋಡು. ಮೈಮ್ಯಾಲ ಬರಂಗಿಲ್ಲ, ಜೋಳದಾಗ ಅಡಗಿ ಕೂತು ಕಾಯ್ತದ. ನಾವು ಬೆನ್ನು ತಿರುಗಿಸಿದ್ವಿ ಅಂದ್ರ ಹಾರ್ತದ. ಅದು ಭಾರಿ ಅದ. ಹಂಗ ಹೇಳಾಕ ಬರ್ಬೇಕು."

ಅಷ್ಟು ದಿನದಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು, ಅದೂ ಬೇರೆಯವರನ್ನು ಬೈಯುವ ನೆಪದಲ್ಲಿ. ಅವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಅಕ್ಕೋರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಕಾಲು ತುಸು ಎಳೆಯುತ್ತಿತ್ತು. ಬಲಗೈ ಮಾತ್ರ ಏಳಲಿಲ್ಲ. ಕಲಬುರ್ಗಿಯ ದವಾಖಾನೆಯಿಂದ ಬಂದು ಕೆಲವು ವಾರಗಳಾದ ಮೇಲೆ ಒಂದು ದಿನ ಕ್ಲಾಸಿಗೆ ಬಂದರು. ಕಿಟಕಿಯ ಹತ್ತಿರದ ತಮ್ಮ ಯಂತ್ರದ ಮುಂದೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಅಕ್ಷರಗಳ ಮೇಲಿಟ್ಟರು. ಅದು ಇಟ್ಟಲ್ಲೇ ಇತ್ತು. ಕೆಳಗೆ ರಸ್ತೆಯಲ್ಲಿ ಒಂದು ಮದುವೆಯ ದಿಬ್ಬಣ ಬಾಜಾ ಬಾರಿಸುತ್ತ ಹೋಯಿತು. ಅಕ್ಕೋರು ತಲೆಯೆತ್ತಿ ನೋಡಲಿಲ್ಲ. ಯಾರ ಮನೆಯದೆಂದೂ ಹೇಳಲಿಲ್ಲ.

"ಕ್ಲಾಸ್ ನೀನ ನಡೆಸು ಸುಜಾತಾ," ಅಂದರು. "ನಂದು ಮುಗೀತು."

ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಅವರನ್ನು ಮನೆಗೆ ಮುಟ್ಟಿಸಿ ನಾನೂ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಾಗ ನನ್ನ ಎಡಗೈ ಹಿಟ್ಟು ತಿರುಗಿಸುವುದನ್ನು ನೋಡುತ್ತ ಒಂದು ಯೋಚನೆ ಹೊಳೆಯಿತು. ಆ ವಾರವೆಲ್ಲ ಕೂತು ಆಟವನ್ನು ಎಡಗೈಗೆ ತಿರುಗಿಸಿದೆ. ನಡೆಯಲು ಎಡಗಡೆಯ ಅಕ್ಷರಗಳು, ಕತ್ತಿ ಬೀಸಲು ಎಡಗೈ ಹೆಬ್ಬೆರಳು. ಬೇರೇನೂ ಬೇಡ. ಅಕ್ಕೋರನ್ನು ಮನೆಯಿಂದ ಕರೆತಂದು ಕೂಡಿಸಿದೆ. ಮೊದಲು ಮುಖ ತಿರುಗಿಸಿದರು. ಆಮೇಲೆ ಸುಮ್ಮನೆ ಎಂಬಂತೆ ಎಡಗೈ ಮುಂದಿಟ್ಟರು. ಸವಾರ ಕುಡಿದವನ ಹಾಗೆ ಅತ್ತಿತ್ತ ನಡೆದ, ಗೋಡೆಗೆ ಹಾಯ್ದ, ಬಾವಿಗೆ ಹಾಯ್ದ. ಅಂತೂ ಜೋಳದ ಹೊಲ ಮುಟ್ಟಿದ. ತೋಳ ಹೊರಬಂತು.

ಅಕ್ಕೋರು ಕಣ್ಣು ಕಿರಿದು ಮಾಡಿದರು. "ತೋಳಕ್ಕ ಏನಾಗ್ಯಾದ? ಮೈಯಾಗ ಆರಾಮಿಲ್ಲೇನು ಅದಕ್ಕ?"

"ತುಸು ನಿಧಾನ ಮಾಡೇನ್ರಿ ಅಕ್ಕೋರೆ. ನಿಮಗ ಒಂದ ಕೈ ಅಂತ..."

"ಲಕ್ವಾ ನನಗ ಹೊಡದದ, ತೋಳಕ್ಕಲ್ಲ. ಮೊದಲಿನಂಗ ಓಡಸು ಅದನ್ನ."

ಅವರ ದನಿಯಲ್ಲಿ ಹಳೆಯ ಖಾರ ಇತ್ತು. ನನಗೆ ಬೇಕಾದದ್ದೂ ಅದೇ. ತೋಳವನ್ನು ಮೊದಲಿನಂತೆ ಓಡಿಸಿದೆ. ಅದು ಅವರನ್ನು ತಿಂದಿತು. ಮತ್ತೆ ಆಡಿದರು, ಮತ್ತೆ ತಿಂದಿತು. ಅವತ್ತಿನಿಂದ ಅಕ್ಕೋರು ದಿನವೂ ಕಾಲೆಳೆಯುತ್ತ ಮಾಳಿಗೆಯ ಮೆಟ್ಟಿಲು ಹತ್ತಿ ಬಂದು ತೋಳದ ಬಾಯಿಗೆ ಬೀಳತೊಡಗಿದರು. ತೋಳಕ್ಕೂ ನನಗೂ ಸೇರಿಸಿ ಬೈಯುತ್ತಿದ್ದರು. ಬೈಗುಳದ ನಡುವೆ ಒಂದು ದಿನ ಕಿಟಕಿಯಿಂದ ಹೊರಗೆ ಇಣುಕಿ, "ಇವ ಶಿವಪ್ಪ ಅಲ್ಲೇನು? ಎಷ್ಟು ಇಳದಾನಬೇ!" ಅಂದರು. ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ.

ಊರ ಹೊಲಗಳಲ್ಲಿ ಜೋಳ ತೆನೆ ಬಿಡುವ ಹೊತ್ತಿಗೆ ಅವರ ಎಡಗೈ ಬೇರೆಯೇ ಕೈಯಾಗಿತ್ತು. ತೋಳ ಸತ್ತ ದಿನ ರಸೂಲ್ ಸಾಬರೂ ಅಲ್ಲಿದ್ದರು. "ಶಾಬ್ಬಾಸ್!" ಅಂದವರು ಕೂಡಲೇ ಎಚ್ಚರಗೊಂಡು, "ಕೊನೀಗಿ ಬೆನ್ನು ತೋರಿಸಿದಂಗ ಮಾಡಿ ಗಪ್ಪನ ತಿರಿಗಿದ್ರಿ ನೋಡ್ರಿ, ಅದು ಭಾರಿ ಆಯ್ತು ರೀ," ಎಂದು ಸೇರಿಸಿದರು. ಅಕ್ಕೋರು ಬಿದ್ದು ಬಿದ್ದು ನಕ್ಕರು. ಆಮೇಲೆ ಎದ್ದು ಹೋಗಿ ತಮ್ಮ ಯಂತ್ರದ ಮುಂದೆ ಕೂತು, ಎಡಗೈ ಒಂದರಿಂದಲೇ ರಸೂಲ್ ಸಾಬರ ಕಾಗದ ಟೈಪ್ ಮಾಡಿಕೊಟ್ಟರು. ತಪ್ಪುಗಳಿದ್ದವು. ತಾವೇ ಹುಡುಕಿ ಕೆಂಪು ಗುರುತು ಹಾಕಿ, ಹರಿದು, ಮತ್ತೊಂದು ಹಾಳೆ ಹಾಕಿದರು.

ಆಮೇಲೆ ಕೆಲವು ವರ್ಷ ಅವರೇ ಕ್ಲಾಸು ನಡೆಸಿದರು. ಟೈಪಿಂಗ್ ಕೇಳಿಕೊಂಡು ಬರುವವರು ನಿಂತ ಮೇಲೆ ಯಂತ್ರಗಳನ್ನು ನನಗೆ ಬಿಟ್ಟು, ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿದ್ದ ತಂಗಿಯ ಮನೆಗೆ ಹೋದರು. ನಾನು ಆಗಾಗ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಕಟ್ಟೆಯ ಮೇಲೆ ಕೂತು ಎಡಗೈಯಿಂದಲೇ ಅವರೆಕಾಯಿ ಸುಲಿಯುತ್ತಿದ್ದರು.

"ಹೊಸಾ ಆಟ ಮಾಡಾಕತ್ತೀಯೇನು?"

"ಮಾಡಾಕತ್ತೇನ್ರಿ. ಆದ್ರ ಇಲ್ಲಿ ಹೆಂಗ ತೋರಿಸ್ಲಿ? ಕಂಪ್ಯೂಟರ್ ಇಲ್ಲಲ."

"ಬಾಯಿಲೆ ಹೇಳು. ನಾ ಆಡ್ತೇನಿ."

ಹೇಳಿದೆ. ಭೀಮೆಯ ದಂಡೆ, ಒಂದು ನಾವೆ, ಆಚೆ ದಡದಲ್ಲಿ ಹಾಳು ಊರು. ಈ ಸಲ ಸವಾರನಲ್ಲ, ಒಬ್ಬ ಹೆಣ್ಣುಮಗಳು. "ಎಡಕ್ಕ ಹೋಗ್ತೇನಿ," ಅನ್ನುತ್ತಿದ್ದರು. "ಅಲ್ಲಿ ಯಾರರ ಅದಾರೇನು? ಅವ್ರನ್ನ ಮಾತಾಡ್ಸು. ಕತ್ತಿ ಈಗ ಬ್ಯಾಡ." ನಾನು ಹೇಳುತ್ತ ಹೋದಂತೆ ಅವರು ನಡೆಯುತ್ತ ಹೋದರು. ಒಂದೆರಡು ಕಡೆ ನನ್ನ ಕಥೆಯನ್ನು ಹಿಡಿದು ನಿಲ್ಲಿಸಿ ಬೈದರು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಕಲಬುರ್ಗಿ ಬಸ್ಸಿನ ಹಾರ್ನು ಕೇಳಿತು. ಆಟದಲ್ಲಿ ಅಕ್ಕೋರು ಆಗತಾನೇ ಹಾಳು ಊರಿನ ನಡುವೆ, ಒಳಗಿನಿಂದ ಚಿಲಕ ಹಾಕಿದ್ದ ಒಂದು ಮನೆಯ ಮುಂದೆ ಬಂದು ನಿಂತಿದ್ದರು.

"ಒಳಗ ಯಾರೋ ಅದಾರ," ಅಂದರು ಮೆಲ್ಲಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಎಡಗೈ ಎತ್ತಿ ತಡೆದರು. "ಈಗ ಹೇಳಬ್ಯಾಡ. ಬಸ್ ಹಿಡಿ. ಮುಂದಿನ ಸಾರಿ ಬಂದಾಗ ತೆಗ್ಯೂಣು."

ನಾನು ಓಡಿ ಬಸ್ ಹಿಡಿದೆ. ಯುಗಾದಿಗೆ ಮೊದಲೇ ಅಕ್ಕೋರು ತೀರಿಕೊಂಡರು. ಆಟವನ್ನು ಆಮೇಲೆ ಮುಗಿಸಿದೆ, ಚಿಲಕ ಹಾಕಿದ ಆ ಬಾಗಿಲೊಂದನ್ನು ಬಿಟ್ಟು. ಜನ ಆಡುತ್ತಾರೆ, ಹಾಳು ಊರಿನ ಆ ಮನೆಯ ಮುಂದೆ ಬಂದು ಕತ್ತಿಯಿಂದ ಬಡಿಯುತ್ತಾರೆ, ಕಲ್ಲಿನಿಂದ ಬಡಿಯುತ್ತಾರೆ, ಇದು ತೆರೆಯುವುದು ಹೇಗೆ ಅಂತ ನನ್ನನ್ನು ಕೇಳುತ್ತಾರೆ. ಒಳಗಿರುವುದು ಯಾರೆಂದು ಅವತ್ತು ಗೊಬ್ಬೂರಿನ ಕಟ್ಟೆಯ ಮೇಲೆ ನಾನಿನ್ನೂ ಯೋಚಿಸಿರಲಿಲ್ಲ. ಇವತ್ತಿಗೂ ಯೋಚಿಸಿಲ್ಲ.