ಬಲಕ್ಕೆ ಬಿದ್ದ ಹೂವು

ಸಂಸ್ಥಾನ ಹೋಗಿ ನಮ್ಮ ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ಅಕ್ಕನಿಗೆ ಲೋಕಾಪುರದಿಂದ ಒಂದು ಸಂಬಂಧ ಬಂದಿತ್ತು. ಅಪ್ಪ ಕೋರ್ಟಿನ ಕಾರಕೂನ. ಸಾಕ್ಷಿ ಪುರಾವೆ ಇಲ್ಲದೆ ಯಾರ ಮಾತನ್ನೂ ನಂಬದ ಆಸಾಮಿ, ಮಗಳ ಮದುವೆಗೆ ಮಾತ್ರ ಹನುಮಪ್ಪನ ಪ್ರಸಾದ ಕೇಳಲೇಬೇಕೆಂದು ಹಟ ಹಿಡಿದರು. ಪ್ರಸಾದ ಕೇಳುವುದೆಂದರೆ ಎರಡು ಹೂವನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಪೂಜೆ ಮಾಡುವ ಕಾಕಾ ಕೈ ಸುಟ್ಟುಕೊಂಡಿದ್ದರು. ಹಾಗಾಗಿ ಹೂ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ, ಕಾಲು ನೆಲದ ಮೇಲೆ ಇರಲಿಲ್ಲ. ನೀರು ಆರಿದರೆ ಹೂ ಬೀಳುತ್ತದೆ, ಯಾವುದು ಮೊದಲು ಎಂಬುದು ಬರೀ ಆಕಸ್ಮಿಕ, ಇದರಲ್ಲಿ ದೇವರೆಲ್ಲಿ ಬಂದ ಎಂದು ಒಳಗೇ ನಗುತ್ತಿದ್ದೆ. ಅಕ್ಕನ ಮದುವೆಯಾದರೆ ನನ್ನನ್ನು ಮುಂದೆ ಓದಲು ಮುಂಬಯಿಗೆ ಕಳಿಸುವುದಾಗಿ ಅಪ್ಪ ಹೇಳಿದ್ದರು. ಬಲಗಡೆಯ ಹೂವಿನ ನೀರನ್ನು ಚೆನ್ನಾಗಿ ಕೊಡವಿ ಇಟ್ಟೆ. ಕಾಕಾನ ಮಂತ್ರ ಮುಗಿಯುವ ಮೊದಲೇ ಅದು ಬಿತ್ತು. ಅಪ್ಪ ಕಣ್ಣೊರೆಸಿಕೊಂಡರು. ಅಕ್ಕ ಆ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದಳು.

ಮುಂಬಯಿಯಲ್ಲಿ ಒಂದು ದಿನ ನಮ್ಮ ಪ್ರಾಧ್ಯಾಪಕರು, ಒಡೆದ ಗಡಿಗೆ ತಾನಾಗಿ ಕೂಡಿಕೊಳ್ಳಬಾರದೆಂದು ಚಲನೆಯ ಯಾವ ನಿಯಮವೂ ಹೇಳುವುದಿಲ್ಲ ಎಂದರು. ಹಾಗಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಕಾಲ ಮುಂದೆ ಮಾತ್ರ ಹೋದಂತೆ ನಮಗೆ ಕಾಣುತ್ತದಂತೆ. ಉಳಿದವರು ಬರೆದುಕೊಂಡರು. ನನಗೆ ಗುಡಿಯ ಹೂವು ನೆನಪಾಯಿತು. ಅಕ್ಕನ ಗಂಡ ಕುಡಿದು ಬಂದು ಹೊಡೆಯುತ್ತಾನೆ ಎಂದು ಮನೆಯಿಂದ ಕಾಗದ ಬಂದು ಎರಡು ದಿನವಾಗಿತ್ತಷ್ಟೆ. ನಾನು ಕೈಯಾಡಿಸದಿದ್ದರೂ ಹೂ ಬಲಕ್ಕೇ ಬೀಳುವ ಸಂಭವ ಅರ್ಧಕ್ಕರ್ಧ ಇತ್ತಲ್ಲ ಎಂದು ಲೆಕ್ಕ ಹಾಕಿದೆ. ಆ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡು ಎರಡು ವರ್ಷ ಸುಮ್ಮನಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮದುವೆಯಾದ ಮೂರನೆಯ ವರ್ಷ ರಜೆಗೆ ಬಂದಾಗ ಅಕ್ಕ ತವರಿನಲ್ಲಿದ್ದಳು. ಹುಬ್ಬಿನ ಮೇಲೆ ಗಾಯದ ಗುರುತು. ಹೋಗಬೇಡವೆಂದು ಅಪ್ಪ ಕೈ ಮುಗಿದು ಕೇಳಿದರೂ, ಹನುಮಪ್ಪ ಕೊಟ್ಟ ಮನೆ, ಬಿಡುವುದಿಲ್ಲ ಎಂದೇ ಅನ್ನುತ್ತಿದ್ದಳು. ಮರುದಿನ ಹೊರಡುವವಳಿದ್ದಳು. ಹಿತ್ತಲಲ್ಲಿ ಅವಳು ಜೋಳ ಹಸನು ಮಾಡುತ್ತ ಕೂತಿದ್ದಾಗ ಎದುರು ಕೂತು, ಹೂವಿನ ನೀರು ಕೊಡವಿದ್ದೆಲ್ಲವನ್ನೂ ಹೇಳಿಬಿಟ್ಟೆ. ನನ್ನ ಅರ್ಧಕ್ಕರ್ಧದ ಲೆಕ್ಕವನ್ನೂ ಹೇಳಿದೆ.

ಅವಳ ಕೈಯಲ್ಲಿದ್ದ ಮೊರ ನಿಂತಿತು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ಹೊಡತಾ ಬಿದ್ದಾಗೊಮ್ಮೆ, ದೇವರು ಕೊಟ್ಟದ್ದು, ಇದಕ್ಕೇನರ ಅರ್ಥ ಇದ್ದೀತು ಅಂತ ತಡಕೊಂಡೆ," ಎಂದಳು. "ಈಗ ನೀನ ಹೇಳು, ನಾ ಯಾರ ಸಲುವಾಗಿ ತಡಕೊಂಡೆ?"



ಮರುದಿನ ಅವಳು ಲೋಕಾಪುರದ ಬಸ್ಸು ಹತ್ತಲಿಲ್ಲ. ಅಂತೂ ಬುದ್ಧಿ ಬಂತು ಎಂದು ಅಪ್ಪ ಸಮಾಧಾನ ಪಟ್ಟರು. ಅಕ್ಕ ಗುಡಿಗೆ ಹೋಗುವುದನ್ನೂ ಬಿಟ್ಟಳು, ನನ್ನ ಜೊತೆ ಮಾತಾಡುವುದನ್ನೂ ಬಿಟ್ಟಳು.